ಅಪ್ಪನ ಕಾಲಿಗಾಗದ ಬೂಟು

ಹೊಸ ಬೂಟಿನ ಡಬ್ಬಿ ತೆರೆದಾಗ ಬರುವ ವಾಸನೆ ಎಲ್ಲರಿಗೂ ಹಿಗ್ಗು ತರುತ್ತದೆಯಂತೆ. ನನಗೆ ಮಾತ್ರ ಇವತ್ತಿಗೂ ಅದು ಆಗಿಬರುವುದಿಲ್ಲ. ಮೊನ್ನೆ ಮೊಮ್ಮಗ ಸೈದಾಪುರದ ಕಡೆಯ ಕಾರ್ಖಾನೆಗೆ ಸೇರಿ, ಅಲ್ಲಿ ತೊಡಲಿಕ್ಕೆಂದು ದಪ್ಪ ಅಟ್ಟೆಯ ಬೂಟು ತಂದಿದ್ದ. ಚರ್ಮವೂ ಮೇಣವೂ ಬೆರೆತ ಆ ವಾಸನೆ ಪಡಸಾಲೆಗೆ ಹರಡಿದ್ದೇ ತಡ, ಎಂಬತ್ತು ದಾಟಿದ ಮುದುಕಿ ನಾನು ಯಾದಗಿರಿಯ ನಮ್ಮ ಹಳೆಯ ಮನೆಯ ಜೋಳದ ಚೀಲಗಳ ಹಿಂದೆ ಉಸಿರು ಬಿಗಿಹಿಡಿದು ಕೂತ ಹುಡುಗಿಯಾಗಿಬಿಟ್ಟೆ.

ಆ ಮನೆ ಈಗಿಲ್ಲ. ಮಣ್ಣಿನ ಮಾಳಿಗೆ, ನೆಲಕ್ಕೆ ಹಾಸುಗಲ್ಲು, ಮೂಲೆಯಲ್ಲಿ ಅವ್ವನ ಒಲೆ. ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ತಣ್ಣಗಿರುತ್ತಿತ್ತು. ನಿಜಾಮನ ರಾಜ್ಯ ಮುಗಿದು ಹಿಂದುಸ್ತಾನದ ಸೈನ್ಯ ಬಂದ ಹೊಸತು. ಅದಕ್ಕೂ ಮುಂಚೆ, ನಿಜಾಮನ ಕಡೆಯ ಖಾಕಿಯವರು ಮನೆಮನೆಗೆ ನುಗ್ಗುತ್ತಿದ್ದ ಹಾವಳಿಯ ದಿನಗಳಲ್ಲಿ, ಓಣಿಯಲ್ಲಿ ಬೂಟಿನ ಸಪ್ಪಳವಾದರೆ ಅವ್ವ ನನ್ನನ್ನು ಎಳೆದುಕೊಂಡು ಚೀಲಗಳ ಹಿಂದೆ ಸೇರುತ್ತಿದ್ದಳು. ಹಾವಳಿ ಮುಗಿಯಿತೆಂದು ಎಲ್ಲರೂ ಹೇಳಿದರು. ನನ್ನ ಕಿವಿಗೆ ಅದು ಮುಗಿದಿರಲಿಲ್ಲ.

ಅಪ್ಪ ಹತ್ತಿ ಮಿಲ್ಲಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ ಹೊರುತ್ತಿದ್ದ. ಆಳು ಗಿಡ್ಡ, ಪಾದ ಇನ್ನೂ ಗಿಡ್ಡ. ಆದರೆ ಮುಂಗಾಲು ಮಾತ್ರ ಅವ್ವ ಬಡಿದ ರೊಟ್ಟಿಯ ಹಾಗೆ ಅಗಲವಾಗಿ ಹರಡಿಕೊಂಡಿತ್ತು. ಬರಿಗಾಲಲ್ಲೇ ಬೆಳೆದವನಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಬಾಯ್ಲರ್ ಭಟ್ಟಿಗೆ ಕಲ್ಲಿದ್ದಲು ಹಾಕುವ ಕೆಲಸ ಸಿಕ್ಕಾಗ ತೊಂದರೆ ಶುರುವಾಯಿತು. ಅವನಿಗಿಂತ ಮೊದಲು ಆ ಕೆಲಸದಲ್ಲಿದ್ದವನ ಕಾಲ ಮೇಲೆ ಕೆಂಡ ಸುರಿದು, ಅವನು ಊರುಗೋಲು ಹಿಡಿದು ಊರಿಗೆ ಹೋಗಿದ್ದ. "ಬೂಟ್ ಇಲ್ಲದಾಂವ ಭಟ್ಟಿ ಮುಂದ ನಿಂದ್ರಬ್ಯಾಡ" ಎಂದು ಮಿಲ್ಲಿನ ಮಿಸ್ತ್ರಿ ಖಡಕ್ಕಾಗಿ ಹೇಳಿದ.

ಅಪ್ಪ ಪ್ಯಾಟಿಯೆಲ್ಲ ತಿರುಗಿದ. ಹುಡುಗರ ಬೂಟಿಗೆ ಉದ್ದ ಸರಿ ಬಂದರೆ ಬೆರಳುಗಳು ಒಳಗೆ ಹೋಗುತ್ತಿರಲಿಲ್ಲ. ಗಂಡಸರ ಬೂಟಿಗೆ ಅಗಲ ಸರಿ ಬಂದರೆ ಮುಂದೆ ಒಂದು ಗೇಣು ಖಾಲಿ. ಹೈದರಾಬಾದಿನಿಂದ ಹೇಳಿ ಮಾಡಿಸಿ ತರಿಸುವುದು ನಮ್ಮಂಥವರ ಕೈಗೆಟುಕುವ ಮಾತಲ್ಲ. ಕೊನೆಗೆ ಒಂದು ಸಂತೆಯ ದಿನ ಹಳೆಯ ಬೂಟಿನ ಒಂದು ಜೋಡು ತಂದ. ಹಾವಳಿಯವರು ಓಡಿಹೋಗುವಾಗ ಬಾವಿಗೆ, ಹಿತ್ತಲಿಗೆ ಎಸೆದ ಬೂಟುಗಳನ್ನು ಯಾರೋ ಆರಿಸಿ ತಂದು ರಾಶಿ ಹಾಕಿ ಮಾರುತ್ತಿದ್ದರು. ಅವನ್ನು ಕೊಳ್ಳುವವರೇ ಇರಲಿಲ್ಲ, ಅದಕ್ಕೇ ಅಗ್ಗ.

ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು. "ಯಾರ ಕಾಲಾನವೋ ಏನೋ. ಯಾರ ಎದಿ ಮ್ಯಾಲೆ ತುಳದಾವೋ. ಮನಿಯೊಳಗ ತರಬ್ಯಾಡ್ರಿ."

"ಚರ್ಮಕ್ಕೇನ್ ಗೊತ್ತೈತಿ? ಕಾಲು ಸುಟ್ಟರ ನೀ ಹಾಕ್ತಿಯೇನು ಕೂಳು?" ಎಂದ ಅಪ್ಪ. ಆದರೂ ಅವನ್ನು ಹೊರಗಿನ ಕಟ್ಟೆಯ ಕೆಳಗೇ ಇಟ್ಟ.

ಮುಂದೆ ಚಿಂದಿ ತುರುಕಿ ಅಪ್ಪ ಅವನ್ನೇ ತೊಟ್ಟು ಹೋಗತೊಡಗಿದ. ಸಂಜೆ ಓಣಿಯ ಕಲ್ಲುಗಳ ಮೇಲೆ ಆ ಅಟ್ಟೆಯ ಮೊಳೆಗಳು ಖಣಖಣ ಅಂದರೆ ಸಾಕು, ನಾನು ಎಲ್ಲಿದ್ದರೂ ಚೀಲಗಳ ಹಿಂದೆ ಓಡುತ್ತಿದ್ದೆ. ಬರುವವನು ಅಪ್ಪನೇ ಎಂದು ಗೊತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ಅದನ್ನು ಕಂಡ ಮೇಲೆ ಅಪ್ಪ ಓಣಿಯ ತುದಿಯಿಂದಲೇ ಕೂಗುತ್ತ ಬರತೊಡಗಿದ: "ನಾನs ಬರಾಕತ್ತೇನಿ ಶರಣವ್ವಾ, ನಿಮ್ಮಪ್ಪ!" ಆ ಕೂಗಿನಲ್ಲಿ ಬೇಡಿಕೊಳ್ಳುವಂಥದ್ದು ಏನೋ ಇರುತ್ತಿತ್ತು.

ತಿಂಗಳಾಗುವುದರೊಳಗೆ ಅಪ್ಪನ ಹಿಮ್ಮಡಿ, ಕಣಕಾಲು ಬೊಬ್ಬೆ ಎದ್ದು ಕಪ್ಪಾದವು. ಒಂದು ದಿನ ಬೂಟಿನ ಮೂತಿ ತೊಡರಿ ಭಟ್ಟಿಯ ಬಾಯಿಗೇ ಬೀಳುವಷ್ಟರಲ್ಲಿ ಯಾರೋ ಅಂಗಿ ಹಿಡಿದು ಜಗ್ಗಿದರಂತೆ. ಹುಬ್ಬು ಸುಟ್ಟುಕೊಂಡು ಬಂದವನನ್ನು ನೋಡಿ ಅವ್ವ ಬೈಯಲೂ ಇಲ್ಲ. ಸುರಪುರದಲ್ಲಿ ತನ್ನ ತವರಿಗೆ ಗೊತ್ತಿದ್ದ ದುರ್ಗಪ್ಪ ಎಂಬ ಮೋಚಿ ಇದ್ದಾನೆ, ಕಾಲಿನ ಅಳತೆಗೆ ಮಾಡಿಕೊಡುತ್ತಾನೆ, ಹೋಗಿ ಬನ್ನಿ ಎಂದಳು. ಹಳೆಯ ಬೂಟಿನ ಚರ್ಮ ಅವನಿಗೆ ಉಪಯೋಗಕ್ಕೆ ಬಂದೀತೆಂದು ಕೈಚೀಲದಲ್ಲಿ ಕಟ್ಟಿದಳು. ಜೊತೆಗೆ ನನ್ನನ್ನೂ ಕಳಿಸಿದಳು. ಹೆಣ್ಣುಮಗು ಜೊತೆಗಿದ್ದ ಗಂಡಸನ್ನು ದಾರಿಯಲ್ಲಿ ಯಾರೂ ತಡೆಯುವುದಿಲ್ಲ ಎಂಬುದು ಅವಳ ನಂಬಿಕೆ.

ಭೀಮಾ ನದಿ ದಾಟಿ, ಶಹಾಪುರದ ಕಡೆ ಹೊರಟಿದ್ದ ಗಾಡಿ ಹತ್ತಿದೆವು. ದೋರನಹಳ್ಳಿ ಹತ್ತಿರ ಬೇವಿನ ಗಿಡಗಳ ಕೆಳಗೆ ಸೈನ್ಯದ ಬಂದೂಕಿನ ಜವಾನರು ಗಾಡಿ ನಿಲ್ಲಿಸಿದರು. ಖಾಕಿ ಬಟ್ಟೆ ಬಿಸುಟು ಮಂದಿಯೊಳಗೆ ಸೇರಿಕೊಂಡ ಹಾವಳಿಯವರನ್ನು ಅವರು ಹುಡುಕುತ್ತಿದ್ದರು. ಬಟ್ಟೆ ಬದಲಿಸಬಹುದು, ಕಾಲಿನ ಮೇಲಿನ ಬೂಟಿನ ಗುರುತು ಬದಲಿಸಲಾಗದು ಎಂದು ಗಂಡಸರನ್ನೆಲ್ಲ ಸಾಲಾಗಿ ಕೂಡಿಸಿ ಕಾಲು ಚಾಚಲು ಹೇಳಿದರು. ರೈತರ ಒರಟು ಪಾದಗಳ ನಡುವೆ ಅಪ್ಪನ ಬೊಬ್ಬೆಗಾಲು ಎದ್ದು ಕಾಣುತ್ತಿತ್ತು. ಅವನನ್ನೂ, ಕಾಲ ಮೇಲೆ ಅಂಥದೇ ಗುರುತಿದ್ದ ಇನ್ನೊಬ್ಬ ಎಳೆಯ ಗಂಡಸನ್ನೂ ಎಬ್ಬಿಸಿ ಬೇರೆ ನಿಲ್ಲಿಸಿದರು. ನಾನು ಬೂಟಿದ್ದ ಕೈಚೀಲದ ಮೇಲೆ ಕೂತುಬಿಟ್ಟೆ. ಒಬ್ಬ ಜವಾನ ನನ್ನನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ನಿಲ್ಲಿಸಿ ಚೀಲ ಬಿಚ್ಚಿದ.

"ಜೂತೇ ಕಿಸ್ ಕೇ ಹೈಂ?"

ಬೂಟು ಯಾರವೆಂದು ಕೇಳಿದ್ದಕ್ಕೆ ಅಪ್ಪ, ತನ್ನವೇ, ಸಂತೆಯಲ್ಲಿ ಕೊಂಡದ್ದು ಎಂದು ಮಿಲ್ಲಿನಲ್ಲಿ ಕಲಿತ ಉರ್ದುವಿನಲ್ಲಿ ಹೇಳಿದ. ಹಾವಳಿಯವರ ಮಾತೂ ಉರ್ದುವೇ, ಅದನ್ನು ಕೇಳಿ ಜವಾನರ ಮುಖ ಇನ್ನೂ ಬಿಗಿಯಾಯಿತು. ತೊಟ್ಟು ತೋರಿಸು ಎಂದರು. ಚಿಂದಿಯಿಲ್ಲದ ಆ ಬೂಟಿನಲ್ಲಿ ಅಪ್ಪ ಎರಡು ಹೆಜ್ಜೆ ಇಡುವಷ್ಟರಲ್ಲಿ ಬೂಟು ಅಲ್ಲೇ ಉಳಿದು ಕಾಲು ಹೊರಗೆ ಬಂತು. ಜವಾನರು ನಕ್ಕರು. ಇವು ಇವನವಲ್ಲ ಎಂದರು. ನಾನೂ ಅಳುತ್ತಳುತ್ತಲೇ ನಕ್ಕೆ.

ಆಮೇಲೆ ಅದೇ ಬೂಟನ್ನು ಆ ಎಳೆಯ ಗಂಡಸಿನ ಮುಂದೆ ಒಗೆದರು. ಅವನ ಪಾದ ಉದ್ದ, ತೆಳ್ಳಗೆ. ಹೇಳಿ ಮಾಡಿಸಿದ ಹಾಗೆ ಕೂತವು.

"ನನ್ನವಲ್ರೀ, ನಾ ಇವನ್ನ ನೋಡೇ ಇಲ್ರೀ" ಎಂದ ಅವನು. ಜವಾನರಿಗಲ್ಲ, ಅಪ್ಪನಿಗೆ.

"ನನ್ನವs ಅದಾವ್ರಿ ಸಾಹೇಬ್ರ, ಆತಂದೇನೂ ಇಲ್ರಿ" ಎಂದು ಅಪ್ಪ ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದ. ನಿನ್ನವಾದರೆ ನಿನ್ನ ಕಾಲಿಗೆ ಯಾಕಾಗಲಿಲ್ಲ ಎಂದು ಅವರು ಕೇಳಿದರು. ಅಪ್ಪ ಭಟ್ಟಿಯ ಮಾತು ಹೇಳಿದ, ಸುಟ್ಟ ಹುಬ್ಬು ತೋರಿಸಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಬೂಟು ತೊಟ್ಟಂತೆಯೇ ಆ ಎಳೆಯ ಗಂಡಸನ್ನು ಲಾರಿಗೆ ಹತ್ತಿಸಿದರು. ಅಪ್ಪ ಅದರ ಹಿಂದೆ ಸ್ವಲ್ಪ ದೂರ ಓಡಿದ. ನಾನು ಧೋತರ ಹಿಡಿದು ಜಗ್ಗಿದೆ. ಇನ್ನೊಂದು ಹೆಜ್ಜೆ ಇಟ್ಟರೆ ಅಪ್ಪನನ್ನೂ ಹತ್ತಿಸಿಕೊಳ್ಳುತ್ತಾರೆ ಎಂದು ನನಗೆ ಅನಿಸಿತ್ತು. ಅಪ್ಪನಿಗೂ ಅನಿಸಿರಬೇಕು, ನಿಂತುಬಿಟ್ಟ.

ಸುರಪುರದಲ್ಲಿ ದುರ್ಗಪ್ಪನಲ್ಲಿ ಆ ಪಾದಕ್ಕೆ ಹೊಂದುವ ಕಟ್ಟಿಗೆಯ ಅಚ್ಚೇ ಇರಲಿಲ್ಲ. ನೆನೆಸಿದ ಚರ್ಮವನ್ನು ನೇರ ಅಪ್ಪನ ಕಾಲಿಗೇ ಸುತ್ತಿ ಬಿಗಿದು, ಬಿಸಿಲಲ್ಲಿ ಒಣಗುವವರೆಗೆ ಕೂಡಿಸಿದ. ಹೊತ್ತು ಇಳಿಯುವ ತನಕ ಅಪ್ಪ ಕಟ್ಟೆಯ ಮೇಲೆ ಅಲುಗಾಡದೆ ಕೂತಿದ್ದ. ಊಟ ಬೇಡವೆಂದ. "ಅಟ್ಟಿಗೆ ಮೊಳಿ ಬಡೀಬ್ಯಾಡ್ರಿ. ಸಪ್ಪಳ ಆಗಬಾರದು" ಎಂದಷ್ಟೇ ಹೇಳಿದ. ದುರ್ಗಪ್ಪ ಲಾರಿಯ ಹಳೆಯ ಟೈರು ಕತ್ತರಿಸಿ ಅಟ್ಟೆ ಕೂಡಿಸಿದ. ಪ್ಯಾಟಿಯ ಬೂಟಿಗೆ ಹೋಲಿಸಿದರೆ ಅವನು ಕೇಳಿದ್ದು ತೀರ ಕಡಿಮೆ. ನೋಡಲು ಗಿಡ್ಡ, ಅಗಲ, ಎರಡು ಆಮೆಗಳ ಹಾಗಿದ್ದವು. ಆದರೆ ಅಪ್ಪ ಅವನ್ನು ತೊಟ್ಟು ನಿಂತಾಗ ಮೊದಲ ಸಲ ಅವನ ಕಾಲಿಗೆ ನೋವಿರಲಿಲ್ಲ. ಮರಳಿ ಬರುವಾಗ ಬೇವಿನ ಗಿಡಗಳ ಕೆಳಗೆ ಯಾರೂ ಇರಲಿಲ್ಲ. ಕೇಳಲು, ಲಾರಿಗೆ ಹತ್ತಿಸಿದವನ ಹೆಸರೂ ನಮಗೆ ಗೊತ್ತಿರಲಿಲ್ಲ.

ಅಪ್ಪ ಎಷ್ಟೋ ವರ್ಷ ಭಟ್ಟಿಯ ಮುಂದೆ ದುಡಿದ. ಕಾಲಿಗೆ ಒಂದು ಕಿಡಿಯೂ ತಾಗಲಿಲ್ಲ. ಸಪ್ಪಳವಿಲ್ಲದೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ನಾನು ಚೀಲಗಳ ಹಿಂದೆ ಓಡುವುದನ್ನು ಬಿಟ್ಟೆ. ಆದರೆ ದೋರನಹಳ್ಳಿ ಕಡೆಯವರು ಯಾರೇ ಬರಲಿ, ಊರಿಂದ ಹೋಗಿ ಬಾರದೇ ಉಳಿದವರು ಯಾರಾದರೂ ಇದ್ದಾರೆಯೇ ಎಂದು ಅಪ್ಪ ವಿಚಾರಿಸುತ್ತಿದ್ದ. ಯಾರಿಗೂ ಗೊತ್ತಿರಲಿಲ್ಲ, ಅಥವಾ ಅಂಥವರು ಬಹಳ ಮಂದಿ ಇದ್ದರು, ಅವರಲ್ಲಿ ಇವನು ಯಾರೆಂದು ತಿಳಿಯಲಿಲ್ಲ.

ನನ್ನ ಮದುವೆಯಾದ ಮೇಲೆ, ಒಮ್ಮೆ ಶಹಾಪುರಕ್ಕೆ ಹೊರಟ ಅಪ್ಪ ನಡುದಾರಿಯಲ್ಲೇ ಬಸ್ಸಿಳಿದು, ಸಂಜೆಗೆ ಮನೆಗೆ ಮರಳಿದ. ನಾನು ತವರಿಗೆ ಬಂದಿದ್ದೆ. ಅವ್ವ ನೀರು ಕೊಟ್ಟಳು. ಅಪ್ಪ ತಂಬಿಗೆ ಇಸಿದುಕೊಂಡು ಕೂತ.

"ಅಲ್ಲೀಗ ಹೋಟೆಲ್ ಆಗ್ಯಾದ" ಎಂದ. "ಆ ಬೇವಿನ ಗಿಡದ ಬುಡಕ್ಕ ಮಂದಿ ಕಾಲು ಚಾಚಿ ಕುಂತು ಚಾ ಕುಡ್ಯಾಕತ್ತಾರ."