ನಾನು ಕೊಟ್ಟ ನೆಗಡಿ ಗುಳಿಗೆ

ಪುಣೆಯಿಂದ ಬಂದ ಹೊಸ ಮ್ಯಾನೇಜರ್ ಮೇಡಂ ನಮ್ಮ ಹಾಲಿನ ಡೇರಿಯ ಗೇಟಿನ ಪಕ್ಕ ಬೀಗ ಹಾಕಿದ ಪೆಟ್ಟಿಗೆಯೊಂದನ್ನು ತೂಗುಹಾಕಿಸಿದ ದಿನವೇ ನನಗೆ ಅನುಮಾನ ಬಂತು. ಗಾಡಿ ಓಡಿಸುವಾಗ ಮಾಡಿದ ತಪ್ಪು, ಸ್ವಲ್ಪದರಲ್ಲಿ ತಪ್ಪಿದ ಅಪಘಾತ, ಏನಿದ್ದರೂ ಚೀಟಿಯಲ್ಲಿ ಬರೆದು ಹಾಕಿರಿ, ಹೆಸರು ಬೇಡ, ಶಿಕ್ಷೆಯೂ ಇಲ್ಲ ಎಂದು ಅವರು ಮರಾಠಿಯಲ್ಲಿ ನಗುನಗುತ್ತ ಹೇಳಿದರು. ಸೊಲ್ಲಾಪುರದ ಸುತ್ತ ಹದಿನೆಂಟು ವರ್ಷ ಟೆಂಪೊ ಓಡಿಸಿದವನು ನಾನು. ತಪ್ಪು ಒಪ್ಪಿಕೊಂಡವನಿಗೆ ಶಹಬ್ಬಾಸ್ ಅಂದ ಒಬ್ಬ ಸಾಹೇಬನನ್ನೂ ಕಂಡಿಲ್ಲ. ಹೆಸರು ಬೇಡವಂತೆ! ಎಂಟು ಜನ ಡ್ರೈವರುಗಳಲ್ಲಿ ಕನ್ನಡ ಶಾಲೆಗೆ ಹೋದವನು ನಾನೊಬ್ಬನೇ. ಉಳಿದವರು ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿಯಲ್ಲಿ ಬರೆಯುವವರು. ನಾನು ಕನ್ನಡದಲ್ಲಿ ಒಂದು ಸಾಲು ಬರೆದರೂ ಹೆಸರು ಬರೆದಂತೆಯೇ. ಖಾಲಿ ಚೀಟಿ ಮಡಚಿ ಹಾಕಿ ಬಂದೆ.

ಪೆಟ್ಟಿಗೆಗಿಂತ ಹೆಚ್ಚು ಅನುಮಾನವಿದ್ದದ್ದು ಅಕ್ಕಲಕೋಟ ಕಡೆಯ ಹಾಲು ತರುವ ಡ್ರೈವರನ ಮೇಲೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ಅಣ್ಣಾ ಎಂದೇ ಕರೆಯುತ್ತಿದ್ದೆ. ಒಂದೇ ತಾಟಿನಲ್ಲಿ ಉಂಡವರು ನಾವು. ಆದರೆ ಮೇಡಂ ಬಂದ ಮೇಲೆ ಎರಡು ಸಲ ಅವನು ಅವರ ಕೋಣೆಯಿಂದ ಹೊರಬರುವುದನ್ನು ಕಂಡೆ. ಮೊದಲೆಲ್ಲ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಗಿಸಿಕೊಂಡೇ ಗೇರ್ ಬದಲಿಸುತ್ತಿದ್ದ ಮನುಷ್ಯ, ಈಗ ಗಾಡಿ ಚಾಲೂ ಮಾಡುವ ಮೊದಲೇ ಅದನ್ನು ಸೀಟಿನ ಕೆಳಗೆ ಇಡತೊಡಗಿದ. ಸೀಟ್ ಬೆಲ್ಟ್ ಬೇರೆ! ಎಂಥಾ ನಾಟಕ ಎಂದು ಮೈ ಉರಿಯಿತು. ನಮ್ಮ ಚಾಡಿ ಮೇಡಂ ಕಿವಿಗೆ ಮುಟ್ಟಿಸುವವನು ಇವನೇ ಎಂದು ಖಾತ್ರಿ ಮಾಡಿಕೊಂಡೆ.

ಆ ವಾರ ನನಗೆ ವಿಪರೀತ ನೆಗಡಿ. ಔಷಧದಂಗಡಿಯವನು ಕೊಟ್ಟ ಗುಳಿಗೆ ನುಂಗಿ ಬೋರಾಮಣಿಯಿಂದ ಹಾಲು ತುಂಬಿಕೊಂಡು ಬರುತ್ತಿದ್ದೆ. ಹಾಡುಹಗಲು. ನಿದ್ದೆ ಬಂದದ್ದೇ ಗೊತ್ತಾಗಲಿಲ್ಲ. ಯಾರೋ ಕೂಗಿದ್ದು ಕೇಳಿ ಕಣ್ಣು ಬಿಟ್ಟರೆ ಗಾಡಿ ರಸ್ತೆ ಬಿಟ್ಟು ಹುಲ್ಲಿಗೆ ಇಳಿದಿದೆ, ಮುಂದೆಯೇ ಕುರಿ ಹಿಂಡು! ಬ್ರೇಕ್ ಒತ್ತಿದ ರಭಸಕ್ಕೆ ಹಿಂದೆ ಕ್ಯಾನುಗಳು ಉರುಳಿದವು. ಕುರಿಯವನು ಓಡಿ ಬಂದು, "ಕಣ್ಣ ಮನ್ಯಾಗ ಇಟ್ಟ ಬಂದೀಯೇನಲೇ?" ಎಂದು ಬಡಿಗೆಯಿಂದ ಬಾನೆಟ್ಟಿಗೆ ಕುಟ್ಟಿದ. ಕೈಮುಗಿದು ಬಂದೆ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಗುಳಿಗೆ ನುಂಗುವುದನ್ನು ಬಿಟ್ಟೆ. ಉಳಿದವು ಕಿಸೆಯಲ್ಲೇ ಇದ್ದವು.

ಎರಡು ದಿನ ಬಿಟ್ಟು ಬೆಳಗ್ಗೆ ಅಣ್ಣ ಮೂಗು ಒರೆಸಿಕೊಳ್ಳುತ್ತ ಗೇಟಿನ ಹತ್ತಿರ ಬಂದ.

"ತಮ್ಮಾ, ನಿನ್ನ ನೆಗಡಿ ಹೆಂಗ ಹೋತು? ಯಾವ ಗುಳಿಗಿ ತಗೊಂಡಿದ್ದಿ?"

ಕಿಸೆಯಿಂದ ಗುಳಿಗೆ ಪಟ್ಟಿ ತೆಗೆದು ಕೊಟ್ಟೆ.

"ಇದನ್ನ ತಗೊಂಡು ಗಾಡಿ ಹೊಡದ್ರ ಏನೂ ಆಗೂದಿಲ್ಲ ಹೌದಿಲ್ಲೊ?"

ಇದನ್ನು ಯಾಕೆ ಕೇಳಿದ? ಬೋರಾಮಣಿಯ ಸುದ್ದಿ ಇವನಿಗೆ ಹೇಗೋ ಮುಟ್ಟಿದೆ. ನನ್ನ ಬಾಯಿ ಬಿಡಿಸಲು ಮೇಡಮ್ಮೇ ಕಳಿಸಿದ್ದಾರೆ. ಸಿಗುವವನು ನಾನಲ್ಲ.

"ನನಗೇನ ಆಗೇತಿ? ನೀನ ನೋಡಾಕತ್ತೀಯಲ್ಲ, ಗಟ್ಟಿ ಅದೀನಿ," ಎಂದೆ.

"ಹಂಗಾರ ಜಲ್ದಿ ಹೋಗಲಿ ಈ ಸುಡಗಾಡ ನೆಗಡಿ," ಎಂದವನೇ ಎರಡು ಗುಳಿಗೆ ಒಮ್ಮೆಲೇ ಬಾಯಿಗೆ ಹಾಕಿ, ನೀರು ಕುಡಿದು, ಗಾಡಿ ಹತ್ತಿದ.

ಜಾಣತನದಿಂದ ಪಾರಾದೆ ಎಂದು ಬೀಗಿದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ಆಮೇಲೆ ತಲೆ ಓಡಿತು. ಚಾಡಿಕೋರನಾಗಿದ್ದರೆ ಗುಳಿಗೆ ಕಿಸೆಗೆ ಹಾಕಿಕೊಂಡು ಹೋಗುತ್ತಿದ್ದ, ನುಂಗುತ್ತಿರಲಿಲ್ಲ. ಅದೂ ಎರಡು! ನಾನು ನುಂಗಿದ್ದು ಒಂದೇ. ಅಯ್ಯೋ ದೇವರೇ, ಎಂಥಾ ಪಾಪಿ ನಾನು! ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಸೀಟಿನ ಕೆಳಗಿಟ್ಟ ಫೋನನ್ನು ಅವನು ಹೇಗೆ ಎತ್ತಿಯಾನು?

ಮೇಡಂ ಕೋಣೆಗೆ ಓಡಿದೆ. ಕುರಿ, ಗುಳಿಗೆ, ನಾನು ಹೇಳಿದ ಸುಳ್ಳು, ಎಲ್ಲವನ್ನೂ ಹರಕುಮುರುಕು ಮರಾಠಿಯಲ್ಲಿ ಕಾರಿಬಿಟ್ಟೆ. ಅವರು ನನ್ನನ್ನು ಒಂದು ಮಾತೂ ಕೇಳದೆ ಅವನು ಹೋಗುತ್ತಿದ್ದ ಚಪಳಗಾಂವದ ಹಾಲಿನ ಕೇಂದ್ರಕ್ಕೆ ಫೋನ್ ಹಚ್ಚಿ, ಗಾಡಿ ಬಂದ ಕೂಡಲೇ ಕೀಲಿ ಕಿತ್ತುಕೊಳ್ಳಿರಿ ಎಂದರು. ನನಗೆ ಕುರ್ಚಿ ತೋರಿಸಿದರು. ಕುಳಿತರೆ ಕಾಗದದ ಮೇಲೆ ಬರೆಸಿಕೊಳ್ಳುತ್ತಾರೇನೋ ಎಂದು ಅಂಥಾ ಹೊತ್ತಿನಲ್ಲೂ ನಿಂತೇ ಇದ್ದೆ, ನೋಡಿ ನನ್ನ ಬುದ್ಧಿ. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಫೋನ್ ಬಂತು. ಗಾಡಿ ಬಂದಿದೆ, ಎಡಗಡೆಯ ಕನ್ನಡಿ ಜಾಲಿ ಗಿಡಕ್ಕೆ ಬಡಿದು ಹೋಗಿದೆ, ಡ್ರೈವರ್ ಇಳಿದವನೇ ಕಟ್ಟೆಯ ಮೇಲೆ ಮಲಗಿಬಿಟ್ಟಿದ್ದಾನೆ. ಆಗ ಕುಳಿತೆ.

ಸಂಜೆ ಬೇರೆಯವನು ಗಾಡಿ ಓಡಿಸಿಕೊಂಡು ಬಂದ. ಅಣ್ಣ ಪಕ್ಕದ ಸೀಟಿನಿಂದ ಇಳಿದು ನೆಟ್ಟಗೆ ನನ್ನ ಹತ್ತಿರ ಬಂದ.

"ನಿದ್ದಿ ಬರ್ತೈತಿ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ನೀ ಮೇಡಂಗ ಚಾಡಿ ಹೇಳ್ತಿ ಅಂತ ತಿಳಕೊಂಡಿದ್ದೆ, ಅಣ್ಣಾ."

"ಚಾಡಿ?" ಅವನು ನನ್ನ ಮುಖವನ್ನೇ ನೋಡಿದ. "ನಾ ಹೋಗಿದ್ದು ನನ್ನ ತಪ್ಪ ಹೇಳಾಕ. ಫೋನಿನ್ಯಾಗ ಮಾತಾಡಕೋತ ಒಂದ ಸಾಲಿ ಹುಡಗಿಗೆ ಇನ್ನೇನ ಗಾಡಿ ಬಡಸೇ ಬಿಡ್ತಿದ್ದೆ, ಹೋದ ತಿಂಗಳ. ಗುಳಿಗಿ ಬಗ್ಗೆ ಅಂಗಡ್ಯಾವನ್ನ ಕೇಳಬಹುದಿತ್ತು. ನಿನ್ನ ಮ್ಯಾಲೆ ನಂಬಿಕಿ ಅಂತ ನಿನ್ನ ಕೇಳ್ದೆ."

ಬಯ್ದಿದ್ದರೆ, ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ಅವನು ಹೊರಟುಹೋದ.

ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ತೆಗೆಯುತ್ತಾರೆಂದು ಎರಡು ತಿಂಗಳು ಕಾದೆ. ಈಗ ದಿನಾ ಗಾಡಿಯ ಕೀಲಿ ಕೊಡುವ ಮೊದಲು ಡೇರಿಯವರು, "ಗುಳಿಗಿ ಏನರ ತಗೊಂಡೀರೇನ್ರಿ?" ಎಂದು ಕೇಳುತ್ತಾರೆ. ತಗೊಂಡಿದ್ದೇವೆ ಎಂದವರ ಗಾಡಿಯನ್ನು ಬೇರೆಯವರು ಓಡಿಸುತ್ತಾರೆ. ಅಣ್ಣನೂ ನಾನೂ ಮೊದಲಿನಂತೆ ಮಾತಾಡುತ್ತೇವೆ, ನಗುತ್ತೇವೆ. ಆದರೆ ನಾನು ಒಂದು ಶೇಂಗಾ ಉಂಡೆ ಕೊಟ್ಟರೂ ಅವನು ಅಂಗೈಯಲ್ಲಿ ಹಿಡಿದುಕೊಂಡು, "ಮೊದಲ ನೀ ತಿನ್ನ, ತಮ್ಮಾ," ಎನ್ನುತ್ತಾನೆ. ನಗುತ್ತಲೇ ಎನ್ನುತ್ತಾನೆ. ಆದರೆ ನಾನು ನನ್ನದನ್ನು ತಿಂದು ನುಂಗುವವರೆಗೆ ಅವನು ಬಾಯಿಗೆ ಹಾಕಿಕೊಳ್ಳುವುದಿಲ್ಲ.