ಚಿಕ್ಕಬಸಮ್ಮನ ತಲೆ ಎಣಿಕೆ

ಕಟ್ಟೆಮಳಲವಾಡಿಯ ಚಿಕ್ಕಬಸಮ್ಮನಿಗೆ ತಬ್ಬಲಿ ಮಕ್ಕಳ ಮೇಲೆ ಕನಿಕರವೇ ಇಲ್ಲ. ಹಾಗೆಂದು ಅವಳೇ ಊರಿಗೆಲ್ಲ ಸಾರಿದ್ದಾಳೆ. ಮೊದಲನೆಯದನ್ನು ಕೋಳಿ ಕಾಯಲೆಂದು ತಂದು ಸಾಕಿದಳು, ಎರಡನೆಯದನ್ನು ಮೊದಲನೆಯದರ ಹೇನು ಹೆಕ್ಕಲೆಂದು, ಮೂರನೆಯದನ್ನು ಅವೆರಡರ ಜಗಳ ಬಿಡಿಸಲೆಂದು. ಕೋಳಿಗಳನ್ನು ಕಾಡುಬೆಕ್ಕು ಹೊತ್ತೊಯ್ದು ನಾಲ್ಕು ವರ್ಷವಾಯಿತು. ಮಕ್ಕಳು ಮಾತ್ರ ಆರಾಗಿವೆ. "ಪುಣ್ಯಕ್ಕಲ್ಲ ಕಣವ್ವ, ಕೆಲಸಕ್ಕೆ," ಎನ್ನುತ್ತಲೇ ಅವುಗಳ ಮುದ್ದೆಗೆ ತುಪ್ಪ ಸವರುತ್ತಾಳೆ. ಹೊಲಕ್ಕಾಗಲಿ ಸಂತೆಗಾಗಲಿ, ಒಂದೊಂದು ತಲೆಯನ್ನೂ ಮುಟ್ಟಿ ಎಣಿಸದೆ ಹೊಸಿಲು ದಾಟುವವಳಲ್ಲ. ಅದೇಕೆಂದು ಶಾನುಭೋಗರು ಒಮ್ಮೆ ನಕ್ಕು ಕೇಳಿದರು. "ನಾನು ಚಿಕ್ಕೋಳಿದ್ದಾಗ ಪ್ಲೇಗು ಬಂದು ಊರೋರೆಲ್ಲ ಹೊಲದ ಗುಡ್ಲಿಗೆ ಹೋದ್ರು ಸ್ವಾಮಿ. ಅಪ್ಪ ಅವ್ವ ಸತ್ತಿದ್ರು, ನನ್ನ ಎಣಿಸೋರು ಇರ್ನಿಲ್ಲ. ಮೂರು ದಿನ ಊರಿಗೆಲ್ಲ ನಾನೊಬ್ಳೇ ಇದ್ದೆ," ಎಂದವಳು, ಎಣಿಕೆ ತಪ್ಪಿಸಿದಿರೆಂದು ಅವರನ್ನೇ ಗದರಿ, ಮತ್ತೆ ಮೊದಲನೆಯ ತಲೆಯಿಂದ ಮುಟ್ಟತೊಡಗಿದಳು.