ಬಿಟ್ಟ ಮನೆಯ ಮಾತು

ನಮ್ಮ ವಿಜಾಪುರದ ಕಡೆ ಮನೆಗೆ ಬಂದವರ ಕೈಗೆ ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಕೊಡುತ್ತೇವೆ. ದಣಿವಾರಲೆಂದು ಕೊಡುವುದು ಎನ್ನುತ್ತಾರೆ. ಇರಬಹುದು, ನನಗೆ ಕಂಡ ಉಪಯೋಗ ಬೇರೆ. ಬೆಲ್ಲ ಬಾಯಲ್ಲಿ ಕರಗುವ ತನಕ ಬಂದವರು ಮಾತಾಡುವಂತಿಲ್ಲ, ಕೊಟ್ಟವರು ಕೇಳುವಂತಿಲ್ಲ. ಅಷ್ಟರಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿರುತ್ತೇವೆ, ಅರ್ಧ ಪರಿಚಯ ಅಲ್ಲಿಗೇ ಮುಗಿದಿರುತ್ತದೆ. ಪುಣೆಯ ಕಚೇರಿಗಳಲ್ಲಿ ಬೆಲ್ಲ ಇಡುವುದಿಲ್ಲ. ಅದಕ್ಕೇ ಇರಬೇಕು, ಅಲ್ಲಿ ಕೂತ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ.

ನಾನು ಕಲಿತದ್ದು ಎರಡನೆಯ ಇಯತ್ತೆ, ಅದೂ ಪೂರ್ತಿ ಅಲ್ಲ. ಆದರೆ ಪುಣೆಯಲ್ಲಿ ನಮ್ಮ ಕಡೆಯವರೇ ನಡೆಸುತ್ತಿದ್ದ ಒಂದು ಖಾನಾವಳಿಯಲ್ಲಿ, ತಲೆಗೂದಲು ಕಪ್ಪಿದ್ದಾಗ ರೊಟ್ಟಿ ತಟ್ಟಲು ಕೂತವಳು ಬೆಳ್ಳಗಾದ ಮೇಲೆಯೇ ಎದ್ದೆ. ಎದ್ದದ್ದು ನನ್ನ ಮನಸ್ಸಿನಿಂದಲ್ಲ, ಖಾನಾವಳಿ ಮುಚ್ಚಿತು. ಯಾಕೆ ಮುಚ್ಚಿತೆಂದು ನನಗೆ ಗೊತ್ತಿದೆ. ನಿಮಗೆ ಹೇಳುವುದಿಲ್ಲ, ಯಾಕೆ ಹೇಳುವುದಿಲ್ಲ ಎಂಬುದು ಓದುತ್ತ ಹೋದರೆ ತಿಳಿಯುತ್ತದೆ.

ಗಂಡ ಸತ್ತು ಬಹಳ ದಿನವಾಗಿತ್ತು. ಖಾನಾವಳಿ ಮುಚ್ಚಿದ ಮೇಲೆ ಪುಣೆಯಲ್ಲೇ ಇರುವ ಮಗಳು ಶಾಂತಾಳ ಮನೆಗೆ ಬಂದೆ. ಅಳಿಯ ಒಳ್ಳೆಯವನೇ, ಆದರೆ ಕೈಕಾಲು ಗಟ್ಟಿ ಇರುವಾಗ ಮಗಳ ಮನೆಯಲ್ಲಿ ಕೂತು ಉಂಡದ್ದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಪುಣೆಯ ಅಂಚಿನ ಖರಾಡಿಯಲ್ಲಿ ಆಗಷ್ಟೇ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಅಲ್ಲೊಂದು ಕ್ಯಾಂಟೀನಿಗೆ ಜೋಳದ ರೊಟ್ಟಿ ಮಾಡುವವರು ಬೇಕೆಂದು ಸುದ್ದಿ ಬಂತು. ಶಾಂತಾ ಹೆಸರು ಕೊಟ್ಟಳು. ಒಂದು ದಿನ ಅವಳ ಮೊಬೈಲಿಗೆ ಕ್ಯಾಂಟೀನಿನ ಕಚೇರಿಯಿಂದ ಕರೆ ಬಂತು, ಮಾತಾಡಿದವಳು ಬೆಂಗಳೂರಿನ ಕನ್ನಡದ ಹುಡುಗಿ.

“ಆಂಟಿ, ಮೊದ್ಲು ನಿಮ್ಮ ಪ್ಲಸ್ ಪಾಯಿಂಟ್ ಏನು ಹೇಳಿ.”

ನಿನ್ನಲ್ಲಿ ಏನು ಚಲೋ ಇದೆ ಅಂತ ಕೇಳುತ್ತಿದ್ದಾಳೆ ಎಂದು ಶಾಂತಾ ಪಿಸುಗುಟ್ಟಿದಳು.

“ಉಂಡವರನ್ನ ಕೇಳವ್ವಾ. ನನ್ನ ರೊಟ್ಟಿ ಚಲೋ ಅದ ಅಂತ ನಾನ ಹೇಳಿದ್ರ ನಾಚಿಕಿ ಬರಂಗಿಲ್ಲೇನು?”

“ಸರಿ. ಐದು ವರ್ಷ ಆದ್ಮೇಲೆ ನೀವು ಎಲ್ಲಿರ್ತೀರ ಅನ್ಸುತ್ತೆ?”

“ಒಲಿ ಮುಂದ ಇರ್ತೀನಿ. ಇಲ್ಲಂದ್ರ ಚಿತಿ ಮ್ಯಾಲ. ಎರಡೂ ಬೆಂಕೀನ.”

ಅವಳು ನಕ್ಕಳು. ಆ ನಗು ನನಗೆ ಹಿಡಿಸಿತು. ಆಮೇಲೆ ಕೇಳಿದಳು, “ಹಿಂದಿನ ಕೆಲ್ಸ ಯಾಕೆ ಬಿಟ್ರಿ?”

“ಖಾನಾವಳಿ ಮುಚ್ತು.”

“ಯಾಕೆ ಮುಚ್ತು?”

“ಅದು ಆ ಮನಿಯವರ ಮಾತು. ನಂದಲ್ಲ.”

ಅಲ್ಲಿಗೆ ಗಾಡಿ ನಿಂತಿತು. ಅಡುಗೆ ಮನೆಯಲ್ಲಿ ಕೂತವಳಿಗೆ ಎಲ್ಲವೂ ಕೇಳಿಸುತ್ತದೆ ನೋಡಿ, ಯಾರು ಉಣ್ಣದೆ ಮಲಗಿದರು, ಯಾರ ತಾಟು ಬೇರೆಯಾಯಿತು, ಯಾರು ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಂಡರು. ಅಂಥ ಮಾತು ಹೊಸ್ತಿಲು ದಾಟಬಾರದು, ನಮ್ಮ ಕಸುಬಿನ ನೇಮವೇ ಅದು. ಕೆಲಸ ಕೇಳಿ ಬಂದವಳು ಬಿಟ್ಟ ಮನೆಯ ಮಾತು ಎತ್ತಿದರೆ, ಹಿಂದೆ ಮನೆಯೊಡತಿಯರು ಚಹಾ ಕುಡಿಸಿ ಹೊರಗೆ ಕಳಿಸುತ್ತಿದ್ದರು. ಇಲ್ಲಿ ತಿರುಗಾಮುರುಗಾ, ಎತ್ತದಿದ್ದರೆ ಹೊರಗೆ.

“ಏನರ ಒಂದು ಹೇಳಿಬಿಡಬೇ, ಸುಳ್ಳರ ಹೇಳು,” ಎಂದಳು ಶಾಂತಾ.

“ಸುಳ್ಳು ಹೇಳಿದ್ರೂ ಅವರ ಹೆಸರಿಗೇ ಹತ್ತತದ.”

ಬಿಡುವ ಜಾತಿಯವಳಲ್ಲ ನಾನು. ಇಳಕಲ್ಲ ಸೀರೆ ಉಟ್ಟು, ಬಸ್ಸು ಹಿಡಿದು ಆ ಕಚೇರಿಗೇ ಹೋದೆ. ತಣ್ಣಗಿನ ಕೋಣೆ, ಒಂದು ಒಲೆಯಿಲ್ಲ, ಒಂದು ಹೆಂಚಿಲ್ಲ. ಮೊದಲು ಒಬ್ಬ ಗೃಹಸ್ಥ ಬಂದು ಅವೇ ಪ್ರಶ್ನೆಗಳನ್ನು ಮರಾಠಿಯಲ್ಲಿ ಕೇಳಿದ. ಅವೇ ಉತ್ತರ ಮರಾಠಿಯಲ್ಲಿ ಕೊಟ್ಟೆ. ನನ್ನ ವಯಸ್ಸಿನವರು ಮೇಲಿನವರ ಮಾತು ಕೇಳುವುದಿಲ್ಲವಂತೆ, ಅದನ್ನೂ ನನ್ನೆದುರಿಗೇ ಹೇಳಿದ. ಇಷ್ಟು ವರ್ಷ ದುಡಿದವರ ಕತ್ತು ಸ್ವಲ್ಪ ಬಿರುಸಾಗಿಯೇ ಇರುತ್ತದೆ, ಇಲ್ಲದಿದ್ದರೆ ಅದು ಒಲೆಯ ಮುಂದೆ ಅಷ್ಟು ದಿನ ನಿಲ್ಲುತ್ತಿತ್ತೇ? ಅವನು ಹೋದ ಮೇಲೆ ಫೋನಿನ ಹುಡುಗಿ ಬಂದಳು. ಫೋನಿನಲ್ಲಿ ಅನಿಸಿದ್ದಕ್ಕಿಂತ ಸಣ್ಣವಳು, ಮುಖ ಬಾಡಿತ್ತು.

“ನಂಗೆ ನೀವು ಇಷ್ಟ ಆದ್ರಿ ಆಂಟಿ. ಆದ್ರೆ ಕಾರಣ ಹೇಳ್ದಿದ್ರೆ ಏನೋ ಮುಚ್ಚಿಡ್ತಿದಾರೆ ಅಂತಾರೆ ಮೇಲಿನವ್ರು.”

“ಮುಚ್ಚಿಡಾಕತ್ತೀನಿ, ಖರೇನ. ಇವತ್ತು ಅವರ ಮಾತು ನಿನಗ ಹೇಳಿದ್ರ, ನಾಳೆ ನಿಮ್ಮ ಮಾತು ಮತ್ತೊಬ್ಬರಿಗೆ ಹೇಳಂಗಿಲ್ಲ ಅಂತ ಹೆಂಗ ನಂಬ್ತಿ?”

“ನಾನು ನಂಬ್ತೀನಿ. ನಾನು ನಂಬಿದ್ರೆ ಸಾಲಲ್ವಲ್ಲ ಆಂಟಿ,” ಎಂದಳು. ಕರೆ ಮಾಡುತ್ತೇವೆ ಎಂದಳು. ಮಾಡಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನೂ ಯಾರೋ ಹೀಗೇ ಕೇಳಿ ಕೇಳಿ ಒಳಗೆ ಬಿಟ್ಟಿರಬೇಕು.

ಮರುವಾರವೇ ಶಾಂತಾಳ ಪಡಸಾಲೆಯ ಮೂಲೆಯಲ್ಲಿ ಒಲೆ ಹೂಡಿದೆ. ಅಳಿಯ ಹೊಗೆಯೆಂದು ಗೊಣಗಿದ, ಬಿಸಿ ರೊಟ್ಟಿ ತಿಂದು ಸುಮ್ಮನಾದ. ಮೊದಲು ಓಣಿಯವರು ರೊಟ್ಟಿ ಕೊಂಡು ಒಯ್ದರು, ಆಮೇಲೆ ಅದೇ ಗಾಜಿನ ಕಟ್ಟಡಗಳ ಹುಡುಗರು. ಈಗ ಬಾಡಿಗೆಗೆ ಬೇರೆ ಖೋಲಿ ಹಿಡಿದಿದ್ದೇನೆ, ಒಂದು ಕೈ ಸಾಲುವುದಿಲ್ಲ, ಕೆಲಸ ಕೇಳಿ ಹೆಂಗಸರು ಬರುತ್ತಾರೆ.

ಮೊನ್ನೆ ಒಬ್ಬಳು ಬಂದಳು. ಮುಂಗೈಯಲ್ಲಿ ಹಳೆಯ ಸುಟ್ಟ ಗಾಯ, ಬಗಲಲ್ಲಿ ಬಟ್ಟೆಯ ಗಂಟು; ಎಲ್ಲಿಂದಲೋ ಅವಸರದಲ್ಲಿ ಎದ್ದು ಬಂದ ಹಾಗಿತ್ತು. ಬೆಲ್ಲ ಕೊಟ್ಟೆ, ನೀರು ಕೊಟ್ಟೆ. ಹಿಂದಿನ ಕೆಲಸ ಯಾಕೆ ಬಿಟ್ಟಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದೇ ಬಂತು; ನಾನೂ ಮನುಷ್ಯಳೇ, ಕೇಳುವ ಚಪಲ ನನಗೂ ಇದೆ. ಡಬ್ಬಿಯಿಂದ ಇನ್ನೊಂದು ತುಂಡು ಬೆಲ್ಲ ತೆಗೆದು ನನ್ನ ಬಾಯಿಗೇ ಹಾಕಿಕೊಂಡೆ, ಹಿಟ್ಟು ನಾದುವ ಪರಾತವನ್ನು ಅವಳ ಮುಂದೆ ಸರಿಸಿದೆ.